ಇಳಿಸಲೆಂದೇ ಕಟ್ಟಿದ ಚಪ್ಪರ

ಚನ್ನಗಿರಿ

ಚಪ್ಪರ ಹಾಕುವುದಕ್ಕೆಂದು ಸಮುದ್ರ ದಾಟಿದವನು ನಮ್ಮ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಜನ ವ್ಯಾಪಾರಕ್ಕೆ ಹೋಗುತ್ತಾರೆ, ಕೂಲಿಗೆ ಹೋಗುತ್ತಾರೆ, ಮನೆಯ ಜಗಳ ತಾಳಲಾರದೆ ಹೋದವರೂ ಇದ್ದಾರೆ. ನಾನು ಹೋದದ್ದು ನಾಲ್ಕಾರು ಕಂಬ ನಿಲ್ಲಿಸಿ, ಮೇಲೆ ಗರಿ ಹೊದಿಸಿ ಬರುವುದಕ್ಕೆ. ಬಸ್ಸು ಹತ್ತುವಾಗ ಊರಿನವರು ನಕ್ಕರು. ಹಿಂದಿರುಗಿ ಬಂದು ಹೇಳಿದ್ದನ್ನು ಕೇಳಿದ ಮೇಲೆ ಯಾರೂ ನಗಲಿಲ್ಲ.

ಬಸವಾಪಟ್ಟಣದಲ್ಲಿ ನನ್ನದು ಮರದ ಕೆಲಸ. ಮನೆ ಮುಂದಿನ ಜಗಲಿ, ಅದರ ಮೇಲಿನ ಮಾಡು, ಮದುವೆಯ ಚಪ್ಪರ, ಇವೇ ನನ್ನ ಕಸುಬು. ತ್ಯಾವಣಿಗೆಯಿಂದ ನ್ಯಾಮತಿಯವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಮೊದಲು ನನಗೆ ಹೇಳಿ ಕಳಿಸುತ್ತಿದ್ದರು. ನ್ಯಾಮತಿಯಲ್ಲಿ ಒಮ್ಮೆ ಬಿರುಗಾಳಿ ಬಂದು ಮನೆಯ ಹೆಂಚು ಹಾರಿಹೋಯಿತು, ನಾನು ಹಾಕಿದ ಚಪ್ಪರ ಮಾತ್ರ ಅಲ್ಲಾಡಲಿಲ್ಲ. ಆ ಸಂಗತಿಯನ್ನು ನಾನು ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ, ಆದರೆ ಮೊದಲಿನ ಜಂಬದಿಂದಲ್ಲ.

ಬರ್ಮಾ ಇಂಡಿಯಾದಿಂದ ಬೇರೆಯಾದ ಮರುವರ್ಷದ ಬೇಸಿಗೆ. ಚನ್ನಗಿರಿಯ ಜವಳಿ ವ್ಯಾಪಾರಿ ಹುಸೇನ್ ಸಾಬರು ನನ್ನ ಕೊಟ್ಟಿಗೆಗೆ ಬಂದು, ಕೂರೆಂದರೂ ಕೂರದೆ, ನಿಂತೇ ಹೇಳಿದರು.

"ರುದ್ರಪ್ಪಾರೆ, ಬರ್ಮಾಕ್ಕೆ ಹೋಗಿ ಬರಾನ, ನಡ್ರಿ."

"ಬರ್ಮಾದಾಗೆ ನನಗೇನ್ ಕೆಲಸ ಐತ್ರೀ?"

"ಚಪ್ಪರ ಹಾಕಾಕೆ ಐತೆ. ನಮ್ ದಸ್ತಗೀರನ ಮಗಳ ಮದುವೆ."

ದಸ್ತಗೀರ್ ಅವರ ತಮ್ಮ. ಹುಡುಗನಾಗಿದ್ದಾಗಲೇ ಬರ್ಮಾಕ್ಕೆ ಹೋಗಿ, ಅಲ್ಲೇ ಬಟ್ಟೆ ಅಂಗಡಿ ಇಟ್ಟು, ಆ ದೇಶದ ಹೆಣ್ಣನ್ನೇ ನಿಕಾ ಮಾಡಿಕೊಂಡಿದ್ದ. ಆಕೆ ಇವರ ಧರ್ಮಕ್ಕೆ ಬಂದು ಖತೀಜಾ ಆಗಿದ್ದಳು. ಆದರೂ ಚನ್ನಗಿರಿಯ ಮನೆಯಲ್ಲಿ ಆಕೆಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತಲೇಬೇಕಾದಾಗ ಹುಸೇನ್ ಸಾಬರು "ಆ ಹೆಂಗಸು" ಎನ್ನುತ್ತಿದ್ದರು. ಈಗ ಮಗಳು ಜೈನಬಿಗೆ ಹೊನ್ನಾಳಿಯ ಹುಡುಗನ ಜೊತೆ ಮಾತಾಗಿತ್ತು. ಹುಡುಗ ರಂಗೂನಿನ ಅಕ್ಕಿ ಗಿರಣಿಯಲ್ಲಿದ್ದ. ಮದುವೆಯಾದ ಮೇಲೆ ಹೊನ್ನಾಳಿಗೇ ಬಂದು ಅಪ್ಪನ ಅಂಗಡಿ ನೋಡಿಕೊಳ್ಳುವವನಿದ್ದ. ಹೊನ್ನಾಳಿಯವರದ್ದು ಒಂದೇ ಪಟ್ಟು: ಹುಸೇನ್ ಸಾಬರು ತಮ್ಮ ಬಾಯಿಂದ, ಎದುರಿಗೇ, ಇವಳು ನಮ್ಮ ಮನೆತನದ ಹೆಣ್ಣು ಎನ್ನಬೇಕು. ಅಂದರೆ ಸೈ. ಅನ್ನದಿದ್ದರೆ ಹುಡುಗಿ ಅಲ್ಲಿಯೇ ಉಳಿಯಬೇಕು.

ಹುಸೇನ್ ಸಾಬರು ಯಾರಿಗೂ ಮಾತು ಕೊಟ್ಟಿರಲಿಲ್ಲ. "ಹೋಗಿ ಕಣ್ಣಾರೆ ನೋಡ್ತೀನಿ. ಆ ಮನೆ ಹೆಂಗೈತೆ, ಆ ಹೆಂಗಸು ಹೆಂಗೈತೆ, ನೋಡಿ ಹೇಳ್ತೀನಿ. ಆದರೆ ಮದುವೆ ನಮ್ಮ ಕಡೆ ಹಂಗೇ ಆಗ್ಬೇಕು. ಚಪ್ಪರ ಇಲ್ಲದ ಮದುವೆ ಮದುವೇನೇನ್ರೀ? ಓಡಿಹೋದೋರ ಮದುವೆ ಅದು." ಈ ಮಾತಿಗೆ ನಾನೂ ತಲೆಯಾಡಿಸಿದೆ. ಚಪ್ಪರದ ಬಗ್ಗೆ ಯಾರು ಒಳ್ಳೆಯ ಮಾತಾಡಿದರೂ ನಾನು ತಲೆಯಾಡಿಸುವವನೇ.

ಹಡಗು

ಸೂಳೆಕೆರೆಯ ಏರಿಯ ಮೇಲೆ ಆಡಿ ಬೆಳೆದವನು ನಾನು. ನೀರೆಂದರೆ ಏನೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಮದರಾಸಿನ ಬಂದರು ಕಣ್ಮರೆಯಾದ ಮೇಲೆ ನಾಲ್ಕೂ ದಿಕ್ಕಿಗೆ ನೋಡಿದೆ, ಏರಿಯೇ ಇಲ್ಲ! ಇಷ್ಟು ನೀರನ್ನು ಹಿಡಿದು ನಿಲ್ಲಿಸಿರುವುದು ಏನು ಎಂದು ಹುಸೇನ್ ಸಾಬರನ್ನು ಕೇಳಿದರೆ ಅವರು ಮೇಲೆ ಕೈ ತೋರಿಸಿ, ಹಡಗಿನ ಅಂಚಿಗೆ ಓಡಿ ವಾಂತಿ ಮಾಡಿಕೊಂಡರು.

ನನ್ನ ತಾಯಿ ಕಟ್ಟಿಕೊಟ್ಟ ಒಣಗಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ನನ್ನನ್ನು ಕಾಪಾಡಿದವು. ನಾನು ಲಿಂಗ ಕಟ್ಟಿದವನು, ಹಡಗಿನ ಅಡಿಗೆ ಮುಟ್ಟುವಂತಿರಲಿಲ್ಲ. ಅಕ್ಕಿ, ಬೇಳೆ, ಒಂದು ಪಾತ್ರೆ ಕಟ್ಟಿಕೊಂಡಿದ್ದೆ. ಇಳಿದ ಮೇಲೆ ಮೂರು ಕಲ್ಲಿಟ್ಟು ಅನ್ನ ಮಾಡಿಕೊಂಡರಾಯಿತು, ಕಲ್ಲು ಕಟ್ಟಿಗೆ ಇಲ್ಲದ ದೇಶ ಯಾವುದಿದೆ ಎಂದು ಧೈರ್ಯವಾಗಿದ್ದೆ. ಕಲ್ಲು ಕಟ್ಟಿಗೆ ಇದ್ದವು, ಅದರಲ್ಲಿ ನಾನು ತಪ್ಪು ತಿಳಿದಿರಲಿಲ್ಲ.

ರಂಗೂನಿನಿಂದ ಮೇಲಕ್ಕೆ

ರಂಗೂನಿನಲ್ಲಿ ಅಂಗಡಿಗಳಲ್ಲೆಲ್ಲ ಹೆಂಗಸರೇ ಕೂತಿದ್ದರು. ಕೂತು ವ್ಯಾಪಾರ ಮಾಡುವುದಷ್ಟೇ ಅಲ್ಲ, ಮುಂಗೈ ಗಾತ್ರದ ಚುಟ್ಟ ಸೇದುತ್ತಿದ್ದರು! ನಮ್ಮ ಕಡೆ ಅಜ್ಜಿಯರು ಹೊಗೆಸೊಪ್ಪು ಅಗಿಯುವುದನ್ನು ಕಂಡಿದ್ದೇನೆ. ಆದರೆ ಮದುವೆಯಾಗದ ಹುಡುಗಿ ತಲೆಯಲ್ಲಿ ಹೂ ಮುಡಿದು ಬಾಯಲ್ಲಿ ಹೊಗೆ ಬಿಡುವುದನ್ನು ನೋಡಿ ನಾನು ನಡೆಯುವುದನ್ನು ಮರೆತು ನಿಂತೆ. ಒಬ್ಬ ಮುದುಕಿ ನನ್ನ ಬಾಯಿ ತೆರೆದಿದ್ದನ್ನು ಕಂಡು, ಪಾಪ ಆಸೆಯಾಗಿರಬೇಕೆಂದು, ತನ್ನ ಚುಟ್ಟವನ್ನೇ ನನ್ನ ಕಡೆ ಚಾಚಿದಳು. ಹುಸೇನ್ ಸಾಬರು ನನ್ನ ತೋಳು ಹಿಡಿದು ಎಳೆದುಕೊಂಡು ಹೋದರು.

ಇನ್ನೊಂದು ಬೆರಗು ತೇಗ. ನಮ್ಮಲ್ಲಿ ತೇಗದ ಮರ ಸರ್ಕಾರದ್ದು. ಒಂದು ಕೊಂಬೆ ಮುರಿದರೂ ಫಾರೆಸ್ಟಿನವರು ಮನೆ ಬಾಗಿಲಿಗೆ ಬರುತ್ತಾರೆ. ಇಲ್ಲಿ ಚರಂಡಿ ದಾಟುವುದಕ್ಕೆ ತೇಗ, ಕೋಳಿಗೂಡಿಗೆ ತೇಗ. ಅಂಥ ಹಲಗೆಯ ಮೇಲೆ ಹಂದಿಮರಿ ಮಲಗಿದ್ದನ್ನು ಕಂಡು ನನಗೆ ಅಳು ಬಂತು.

ರೈಲು ಬಡಗಣಕ್ಕೆ ಹೋದಂತೆಲ್ಲ ಹಸಿರು ಮುಗಿಯಿತು. ಧೂಳು, ಜಾಲಿ, ತಾಳೆಮರ. ಜಗಳೂರಿನ ಬಿಸಿಲಿಗೆ ಹೆದರದವನು ನಾನು, ಅಲ್ಲಿ ಬೇಸಿಗೆಯಲ್ಲಿ ಬಾವಿ ಕಟ್ಟೆಯ ಕೆಲಸ ಮಾಡಿದ್ದೇನೆ. ಈ ಬಿಸಿಲಿನ ಮುಂದೆ ಅದು ಬೆಳದಿಂಗಳು. ಒಂದು ಕಡೆ ರೈಲು ನಿಂತಾಗ ಕಿಟಕಿಯಲ್ಲಿ ನೋಡಿದೆ. ಊರಿರಬೇಕಾದ ಜಾಗದಲ್ಲಿ ಬರೀ ಕಪ್ಪು ಕಂಬಗಳು. ಗೋಡೆಯಿಲ್ಲ, ಸೂರಿಲ್ಲ. ಆ ಬೂದಿಯ ನಡುವೆ ಜನ ಕುಕ್ಕರಗಾಲಲ್ಲಿ ಕೂತು ಬಿದಿರಿನ ತಟ್ಟಿ ಹೆಣೆಯುತ್ತಿದ್ದರು. ಹೆಣೆಯುತ್ತ ಏನೋ ಹೇಳಿಕೊಂಡು ನಗುತ್ತಿದ್ದರು. ಊರು ಸುಟ್ಟುಹೋದವರು ನಗುವುದೇ! ಪಕ್ಕದ ಪ್ರಯಾಣಿಕನೊಬ್ಬ ಹಿಂದೂಸ್ತಾನಿಯಲ್ಲಿ ಹೇಳಿದ, "ಪ್ರತಿ ಬೇಸಿಗೆಗೆ ಯಾವುದಾದರೂ ಊರಿನ ಸರದಿ." ಹುಸೇನ್ ಸಾಬರು ಮಣಿಸರ ಎಣಿಸುವುದನ್ನು ಜೋರು ಮಾಡಿದರು.

ಒಲೆ ಹಚ್ಚದ ಮನೆ

ದಸ್ತಗೀರ್ ಇದ್ದ ಊರಿನ ಹೆಸರು ನನ್ನ ಬಾಯಲ್ಲಿ ಒಂದು ಸಲವೂ ಸರಿಯಾಗಿ ಹೊರಡಲಿಲ್ಲ, ಆದ್ದರಿಂದ ಬರೆಯುವುದಿಲ್ಲ. ಐರಾವತಿ ನದಿಗೆ ಹತ್ತಿರದ ಪೇಟೆ. ಮನೆಗಳೆಲ್ಲ ಕಂಬದ ಮೇಲೆ, ಮರ ಮತ್ತು ಬಿದಿರಿನವು. ಅರ್ಧಕ್ಕರ್ಧ ಮನೆಗಳ ಸೂರು ಹುಲ್ಲು, ಗರಿ. ದಸ್ತಗೀರನದು ತೇಗದ ಗೋಡೆ, ತಗಡಿನ ಸೂರು, ಸಾಕಷ್ಟು ಅನುಕೂಲದ ಮನೆ.

ನಡು ಮಧ್ಯಾಹ್ನ ಮುಟ್ಟಿದೆವು. ಅಣ್ಣತಮ್ಮಂದಿರು ತಬ್ಬಿಕೊಂಡು ಅತ್ತರು. ಮೆಟ್ಟಿಲ ಮೇಲೆ ಖತೀಜಾ ತಲೆಗೆ ಸೆರಗಿನಂಥ ಬಟ್ಟೆ ಹೊದ್ದು ನಿಂತಿದ್ದಳು. ತೆಳ್ಳನೆಯ, ಚುರುಕು ಕಣ್ಣಿನ ಹೆಂಗಸು. ಆಕೆಗೆ ಗಂಡನ ಉರ್ದು ಚೆನ್ನಾಗಿ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಮಗಳಿಗೆ ಮಾತ್ರ ಅಪ್ಪ ಕನ್ನಡವನ್ನೂ ಕಲಿಸಿದ್ದ. ಹುಸೇನ್ ಸಾಬರು ಆಕೆಯ ಸಲಾಮಿಗೆ ತಮ್ಮನ ಕಡೆ ನೋಡಿಕೊಂಡು ಉತ್ತರ ಕೊಟ್ಟರು.

ಆಕೆ ದೊಡ್ಡ ತಟ್ಟೆ ತಂದಿಟ್ಟಳು. ತಣ್ಣಗಿನ ಅನ್ನ, ತಣ್ಣಗಿನ ಮೀನು, ಹಣ್ಣು, ಎಣ್ಣೆಯಲ್ಲಿ ಕಲಸಿದ ಹಸಿ ಚಹಾ ಸೊಪ್ಪು. ಹುಸೇನ್ ಸಾಬರು ಅನ್ನದ ಮೇಲೆ ಬೆರಳಿಟ್ಟು ತೆಗೆದರು. ಎದ್ದು ಅಡಿಗೆಮನೆಯ ಕಡೆ ಬಗ್ಗಿ ನೋಡಿದರು. ಒಲೆ ತಣ್ಣಗಿತ್ತು, ಬೂದಿಯನ್ನೂ ಬಳಿದು ತೆಗೆದಾಗಿತ್ತು. ಅವರು ತಮ್ಮನ ಕಡೆ ತಿರುಗಿದರು.

"ದಸ್ತಗೀರಾ, ಯಾರು ಹೋದ್ರೋ?"

ನನ್ನ ಮನಸ್ಸಿನಲ್ಲೂ ಅದೇ ಪ್ರಶ್ನೆ ಇತ್ತು. ನಮ್ಮ ಕಡೆ, ಅವರಲ್ಲಾಗಲಿ ನಮ್ಮಲ್ಲಾಗಲಿ, ನಡುಹಗಲು ನೆಂಟರು ಬಂದಾಗಲೂ ಒಲೆ ಹಚ್ಚಿಲ್ಲವೆಂದರೆ ಆ ಮನೆಯಲ್ಲಿ ಹೆಣ ಹೋಗಿದೆ ಎಂದೇ ಅರ್ಥ. ದಸ್ತಗೀರ್ ಗಾಬರಿಯಾಗಿ ಕೈ ಆಡಿಸಿದ. "ಯಾರೂ ಇಲ್ಲಣ್ಣಾ! ಬೇಸಿಗೇಲಿ ಇಲ್ಲಿ ಹೊತ್ತು ಏರಿದ ಮ್ಯಾಲೆ ಮುಳುಗೋ ತನಕ ಯಾರೂ ಬೆಂಕಿ ಹಚ್ಚಂಗಿಲ್ಲ. ಊರಿನ ಕಟ್ಟಳೆ. ಇವಳು ಕತ್ತಲಿದ್ದಂಗೇ ಎದ್ದು ಎಲ್ಲಾ ಮಾಡಿಟ್ಟವಳೆ."

"ಅಣ್ಣ ಇಪ್ಪತ್ತು ವರ್ಷಕ್ಕೆ ಬಂದಾನೆ. ಒಂದು ಬಿಸಿ ತುತ್ತಿಲ್ಲ," ಎಂದು ಹುಸೇನ್ ಸಾಬರು ಗೋಡೆಗೆ ಒರಗಿದರು. ಹೊತ್ತು ಮುಳುಗುವ ತನಕ ಏನೂ ಮುಟ್ಟಲಿಲ್ಲ. ಖತೀಜಾ ತಟ್ಟೆ ಎತ್ತದೆ ಪಕ್ಕದಲ್ಲೇ ನಿಂತಿದ್ದಳು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರನ್ನೂ ಕಂಡು ಕನಿಕರವೂ ಆಯಿತು.

ಮೂರು ಕಲ್ಲು

ಕಟ್ಟಳೆ ಅವರ ಮನೆಗಳಿಗೆ, ನನಗಲ್ಲ ಎಂದುಕೊಂಡೆ. ಮರುದಿನ ಸ್ನಾನ, ಪೂಜೆ ಮುಗಿಸುವ ಹೊತ್ತಿಗೆ ಬಿಸಿಲು ಏರಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಹಿತ್ತಲಲ್ಲಿ, ಮನೆಯಿಂದ ದೂರ, ಬಯಲಿನಲ್ಲಿ ಮೂರು ಕಲ್ಲಿಟ್ಟು ಬೆಂಕಿ ಮಾಡಿದೆ. ಹೊಗೆ ಏಳುತ್ತಿದ್ದಂತೆ ಬೇಲಿಯಾಚೆಯಿಂದ ಒಬ್ಬ ಹಾರಿ ಬಂದ. ಮಾತಿಲ್ಲ ಕತೆಯಿಲ್ಲ. ಕೈಯಲ್ಲಿದ್ದ ಮಡಕೆಯ ನೀರನ್ನು ಒಲೆಗೆ, ಅಕ್ಕಿಗೆ, ನನ್ನ ಮಡಿ ಪಂಚೆಗೆ ಒಟ್ಟಿಗೇ ಸುರಿದ. ಆಮೇಲೆ ಎರಡೂ ಕೈ ಜೋಡಿಸಿ ಬಗ್ಗಿ ನನಗೆ ನಮಸ್ಕಾರ ಮಾಡಿ, ಬಂದ ದಾರಿಯಲ್ಲೇ ಹಾರಿ ಹೋದ.

ನಾನು ಕಕ್ಕಾಬಿಕ್ಕಿಯಾಗಿ ನಿಂತೆ. ನಮ್ಮ ಸೀಮೆಯಲ್ಲಿ ಇನ್ನೊಬ್ಬರ ಒಲೆಗೆ ನೀರು ಸುರಿಯುವುದೆಂದರೆ ಮೂರು ತಲೆಮಾರಿನ ಹಗೆ. ಇವನೋ ಸುರಿದು ನಮಸ್ಕಾರ ಬೇರೆ ಮಾಡುತ್ತಾನೆ. ಬೇಲಿಯಾಚೆ ಅವನ ತಾಯಿ ಚುಟ್ಟ ಸೇದುತ್ತ ಇದನ್ನೆಲ್ಲ ನೋಡುತ್ತಿದ್ದಳು. ಆ ಚುಟ್ಟವನ್ನು ಬೆರಳಲ್ಲಿ ತೋರಿಸಿ ನಾನು ಅಚ್ಚ ಕನ್ನಡದಲ್ಲಿ ಕೂಗಾಡಿದೆ. ಮುದುಕಿ ಚುಟ್ಟದ ಕೆಳಗೆ ಹಿಡಿದಿದ್ದ ಚಿಪ್ಪನ್ನು ಎತ್ತಿ ತೋರಿಸಿದಳು. ಕಿಡಿ ಬೀಳುವುದಕ್ಕೆಂದೇ ಹಿಡಿದ ತೆಂಗಿನ ಚಿಪ್ಪು, ಅದರ ತಳದಲ್ಲಿ ನೀರು. ಅಂದಿನಿಂದ ನಾನೂ ಕತ್ತಲಿದ್ದಂತೆ ಎದ್ದು ಅನ್ನ ಮಾಡಿಟ್ಟುಕೊಂಡೆ.

ಜಗಲಿ

ಮೊದಲು ಮನೆಯ ಮುಂದೆ ಮರದ ಜಗಲಿ ಕಟ್ಟಿದೆ. ಅವರಲ್ಲಿ ಜಗಲಿಗೂ ಬಿದಿರು ಸೀಳಿ ಹಾಸುತ್ತಾರೆ. ಮೊದಲ ದಿನವೇ ಅದರ ಸಂದಿಯಲ್ಲಿ ನನ್ನ ಹಿಮ್ಮಡಿ ಸಿಕ್ಕಿ, ನಾನು ಮೊಣಕಾಲುದ್ದ ಇಳಿದುಹೋಗಿ, ಕೆಳಗೆ ಕಟ್ಟಿದ್ದ ಕರುವಿನ ಬೆನ್ನಿಗೆ ಕಾಲು ತಾಗಿ ಇಬ್ಬರೂ ಕೂಗಿಕೊಂಡಿದ್ದೆವು. ಅದನ್ನು ಕಿತ್ತು ದಪ್ಪ ತೇಗದ ಹಲಗೆ ಹಾಸಿದೆ. ಕೈಗೆ ತೇಗ ಸಿಕ್ಕ ಮೇಲೆ ಕೇಳಬೇಕೆ? ಹಲಗೆಗೆ ಹಲಗೆ ಕೂದಲೆಳೆಯೂ ತೂರದಂತೆ ಸೇರಿಸಿದೆ. ಊರಿನ ಬಡಗಿಗಳು ಬಂದು ಸವರಿ ನೋಡಿ ತಲೆದೂಗಿದರು. ಒಬ್ಬ ಮಾತ್ರ, ಕೆಳಗೆ ಕಸ ಕಡ್ಡಿ ಸೇರಿದರೆ ಕಿಡಿ ಅಲ್ಲೇ ಕೂತು ಮಾಗುತ್ತದೆ, ಸುತ್ತ ಮುಚ್ಚಬೇಡ ಎಂದು ದಸ್ತಗೀರನ ಮೂಲಕ ಹೇಳಿಸಿದ. ನಾನು ಜಗಲಿಯ ಬುಡವನ್ನು ತೆರೆದೇ ಬಿಟ್ಟೆ. ದಿನಾ ಬೆಳಗ್ಗೆ ಖತೀಜಾ ಅಲ್ಲಿ ಬಗ್ಗಿ, ಹುಲ್ಲುಕಡ್ಡಿ ಬಿಡದೆ ಗುಡಿಸುತ್ತಿದ್ದಳು.

"ಜಗಲಿ ಕೆಳಗೆ ಯಾರು ನೋಡ್ತಾರೆ ಅಂತ ಗುಡಿಸ್ತಾಳೆ ಆ ಹೆಂಗಸು?" ಎಂದು ಹುಸೇನ್ ಸಾಬರು ನನ್ನನ್ನು ಕೇಳಿದರು.

"ಬೆಂಕಿ ನೋಡ್ತದಂತೆ," ಎಂದೆ.

ಒಂದೇ ಹಗ್ಗ

ಚಪ್ಪರಕ್ಕೆ ಕಂಬದ ಗುಂಡಿ ತೋಡುತ್ತಿದ್ದಾಗ ಕೇರಿಯ ಮುಖಂಡ ಬಂದ. ಬೆಂಕಿಯ ಕಟ್ಟಳೆಯೆಲ್ಲ ಅವನ ಕೈಯಲ್ಲಿ. ಪ್ರತಿ ಮನೆಯ ಮುಂದೆ ನೀರಿನ ಮಡಕೆಗಳು, ಕಿಡಿ ಬಡಿಯುವ ತಟ್ಟಿ, ಉದ್ದನೆಯ ಬಿದಿರಿಗೆ ಕಬ್ಬಿಣದ ಕೊಕ್ಕೆ ಇವೆಯೋ ಇಲ್ಲವೋ ಎಂದು ದಿನಾ ನೋಡಿಕೊಂಡು ಹೋಗುತ್ತಿದ್ದ. ಅವನು ನನ್ನ ಗುಂಡಿಗಳನ್ನು ಕಂಡು ಮಣ್ಣನ್ನು ಕಾಲಿನಿಂದ ತಳ್ಳಿ ಮುಚ್ಚಿದ.

ದಸ್ತಗೀರ್ ತಿಳಿಸಿ ಹೇಳಿದ. "ಗರಿ ಚಪ್ಪರ ಬೇಕಾದರೆ ಹಾಕ್ಕಳ್ರಿ ಅಂತಾನೆ. ಆದ್ರೆ ಕಂಬ ಹೂಳಂಗಿಲ್ಲ. ಮನೆ ಸೂರಿಗೆ ತಾಗಂಗಿಲ್ಲ, ಒಂದು ಆಳು ದಾಟೋವಷ್ಟು ಸಂದಿ ಇರ್ಬೇಕು. ಎಲ್ಲಾ ಕಟ್ಟೂ ಒಂದೇ ಹಗ್ಗದಾಗೆ ನಿಂತಿರ್ಬೇಕು. ಆ ಹಗ್ಗದ ತುದಿ ಬೀದಿಗೆ ಬಿಟ್ಟಿರ್ಬೇಕು. ಬೆಂಕಿ ಬಂದ್ರೆ ಯಾರಾದ್ರೂ ಎಳೀತಾರೆ, ಚಪ್ಪರ ಮನೆ ಬಿಟ್ಟು ಬೀದಿಗೆ ಮಗುಚಿ ಬೀಳ್ಬೇಕು."

"ಬೀಳಾಕೆ ಅಂತ ಕಟ್ಟೋದೇನ್ರೀ?" ನನ್ನ ದನಿ ಬೀದಿಗೆಲ್ಲ ಕೇಳಿರಬೇಕು. ಬಿರುಗಾಳಿಗೂ ಅಲ್ಲಾಡದ ಚಪ್ಪರ ಹಾಕಿದವನಿಗೆ, ಯಾರೋ ದಾರಿಹೋಕ ಎಳೆದರೆ ಬೀಳುವ ಚಪ್ಪರ ಹಾಕು ಎನ್ನುತ್ತಾರಲ್ಲ! ಅಡಿಗೆಯವನಿಗೆ ಹಳಸುವಂತೆ ಮಾಡು ಎಂದ ಹಾಗಾಯಿತು. ಮುಖಂಡ ನಗುತ್ತಲೇ ಇದ್ದ, ಬಗ್ಗಲಿಲ್ಲ. ಕೊನೆಗೆ ನಾನು ಬಗ್ಗಿದೆ. ಕಲ್ಲಿನ ಮೇಲೆ ಕಂಬ ನಿಲ್ಲಿಸಿ, ಬಿದಿರಿನ ಚೌಕ ಕಟ್ಟಿ, ತಾಳೆ ಗರಿ ಹೊದಿಸಿದೆ. ಒಂದೇ ನಾರಿನ ಹಗ್ಗದಲ್ಲಿ ಜಾರುಗಂಟು ಹಾಕಿ ಇಡೀ ಭಾರವನ್ನು ನಿಲ್ಲಿಸಿದೆ. ಬೈದುಕೊಂಡೇ ಮಾಡಿದರೂ ಅಷ್ಟು ಜಾಣ ಕೆಲಸವನ್ನು ನಾನು ಹಿಂದೆ ಮಾಡಿರಲಿಲ್ಲ.

ಹುಸೇನ್ ಸಾಬರು ಬೀದಿಗೆ ಇಳಿಬಿಟ್ಟ ಹಗ್ಗವನ್ನು ನೋಡಿ ನೋಡಿ ಒದ್ದಾಡಿದರು. "ಎಮ್ಮೆ ಬಂದು ಮೈ ಉಜ್ಜಿದ್ರೆ? ಯಾವನಾದ್ರೂ ತಮಾಷೆಗೆ ಎಳೆದ್ರೆ? ಮದುವೆಗೆ ಮುಂಚೆ ಚಪ್ಪರ ಬಿದ್ರೆ ಆ ಮದುವೆ ಉಳೀತದೇನ್ರೀ?" ಅದು ನಮ್ಮ ಕಡೆಯ ದೊಡ್ಡ ಹೆದರಿಕೆ. ಬಿದ್ದ ಚಪ್ಪರದ ಮನೆಯಿಂದ ಹೆಣ್ಣು ತರುವವರಿಲ್ಲ. ಸಂಜೆ ಅವರು ಮುಂಗಂಬಕ್ಕೆ ಹಸಿರು ಬಟ್ಟೆ ಸುತ್ತುತ್ತಿದ್ದುದನ್ನು ದೂರದಿಂದ ಕಂಡೆ. ಚಪ್ಪರದ ಕಂಬಕ್ಕೆ ಬಟ್ಟೆ ಕಟ್ಟುವುದು ನಮ್ಮಲ್ಲಿ ಇದ್ದದ್ದೇ, ಶುಭಕ್ಕೆ ಇರಬೇಕು ಎಂದುಕೊಂಡು ಕೈಕಾಲು ತೊಳೆಯಲು ಹೋದೆ.

ಮದುವೆಯ ಹಿಂದಿನ ದಿನ

ಒಳಕೋಣೆಯಲ್ಲಿ ಜೈನಬಿಗೆ ಅರಿಸಿನ ಹಚ್ಚಿ, ಕೈಗೆ ಮದರಂಗಿ ಇಟ್ಟು ಕೂರಿಸಿದ್ದರು. ಹೊನ್ನಾಳಿಯವರು ಮರುದಿನ ಬೆಳಗಿನ ರೈಲಿಗೆ ಬರುವವರಿದ್ದರು. ನಡುಹಗಲು ಗಾಳಿ ಎದ್ದಿತು. ಹೊದಿಸುವಾಗ ಹಸಿಯಾಗಿದ್ದ ತಾಳೆಗರಿ ಆಗಲೇ ಒಣಗಿ ಸರಸರ ಎನ್ನುತ್ತಿತ್ತು. ನಾನು ಜಗಲಿಯ ಮೇಲೆ ಮಲಗಿದ್ದೆ.

ಮರದ ಗಂಟೆ ಬಡಿಯುವ ಸದ್ದು ಕೇಳಿತು. ಒಂದು ಕಡೆ, ಆಮೇಲೆ ಇನ್ನೊಂದು ಕಡೆ, ಆಮೇಲೆ ಊರೆಲ್ಲ. ಎದ್ದು ನೋಡಿದರೆ ನದಿಯ ಕಡೆ ಕಪ್ಪು ಹೊಗೆ.

ನಮ್ಮಲ್ಲಿ ಬಣವೆಗೆ ಬೆಂಕಿ ಬಿದ್ದರೆ ಜನ ಕೊಡ ಹಿಡಿದು ಬೆಂಕಿಯ ಕಡೆಗೆ ಓಡುತ್ತಾರೆ. ಇಲ್ಲಿ ಒಬ್ಬನೂ ಬೆಂಕಿಯ ಕಡೆಗೆ ಓಡಲಿಲ್ಲ. ಎಲ್ಲರೂ ಕೊಕ್ಕೆ ಹಿಡಿದು ಬೆಂಕಿ ಇನ್ನೂ ಮುಟ್ಟದ ಮನೆಗಳ ಕಡೆಗೆ ಓಡಿದರು. ತಮ್ಮದೇ ಸೂರುಗಳನ್ನು ತಾವೇ ಕೊಕ್ಕೆ ಹಾಕಿ ಜಗ್ಗಿ ಬೀದಿಗೆ ಕೆಡವತೊಡಗಿದರು. ನನ್ನ ಒಲೆಗೆ ನೀರು ಸುರಿದಿದ್ದವನು ತನ್ನ ಮನೆಯ ಹುಲ್ಲಿನ ಸೂರನ್ನು ಎಳೆದು ಹಾಕಿದ. ಅವನ ತಾಯಿ ಕೆಳಗೆ ನಿಂತು, ಇಲ್ಲಿ ಎಳಿ, ಅಲ್ಲಿ ಎಳಿ ಎಂದು ಕೈ ತೋರಿಸುತ್ತಿದ್ದಳು. ಇವರಿಗೆ ಹುಚ್ಚು ಹಿಡಿದಿದೆ ಎಂದೇ ನನಗೆ ಅನ್ನಿಸಿತು. ಅಷ್ಟರಲ್ಲಿ ಉರಿಯುವ ಗರಿಯೊಂದು ಗಾಳಿಯಲ್ಲಿ ತೇಲಿ ಬಂದು ಎರಡು ಬೀದಿ ದಾಟಿ ಬಿತ್ತು. ಅದು ಬಿದ್ದ ಮನೆ ಬೆಂಕಿಕಡ್ಡಿಯ ಹಾಗೆ ಹತ್ತಿಕೊಂಡಿತು. ಆಗ ನನಗೆ ಅರ್ಥವಾಯಿತು.

ಮುಖಂಡ ನಮ್ಮ ಬೀದಿಗೆ ಬಂದು ಹಗ್ಗಕ್ಕೆ ಕೈ ಚಾಚಿದ. ಹಗ್ಗವಿಲ್ಲ. ಅದರ ತುದಿಯನ್ನು ಮುಂಗಂಬಕ್ಕೆ ಸುತ್ತಿ ಸುತ್ತಿ ಬಿಗಿದು, ಕಾಣದಂತೆ ಮೇಲೆ ಹಸಿರು ಬಟ್ಟೆ ಕಟ್ಟಿತ್ತು. ನಾನು ಓಡಿ ಹೋಗಿ ಬಟ್ಟೆ ಕಿತ್ತೆ. ನಾರಿನ ಹಗ್ಗಕ್ಕೆ ನೀರು ಹಾಕಿ ಗಂಟು ಬಿಗಿದಿದ್ದರು. ಅದು ಒಣಗಿ ಕಲ್ಲಾಗಿತ್ತು. ನಾನೇ ಕಟ್ಟಿದ ಚಪ್ಪರ, ನನ್ನ ಉಗುರು ಕಿತ್ತು ಬಂದರೂ ಬಿಚ್ಚಲಿಲ್ಲ.

"ನಾನೇ ಕಟ್ಟಿದ್ದು," ಎಂದರು ಹುಸೇನ್ ಸಾಬರು. ಬಂದು ಕಂಬವನ್ನು ತಬ್ಬಿಕೊಂಡು ನಿಂತರು. "ಬೆಂಕಿ ಅಲ್ಲೆಲ್ಲೋ ಐತೆ. ಮದುವೆ ಚಪ್ಪರಕ್ಕೆ ಯಾರೂ ಕೈ ಹಚ್ಚಂಗಿಲ್ಲ. ಹಚ್ಚೋದಾದ್ರೆ ನನ್ನ ಮ್ಯಾಲೇ ಕೆಡವ್ರಿ!" ದಸ್ತಗೀರ್ ಅಣ್ಣನ ಕಾಲು ಹಿಡಿದ. ಅವರು ಅಲ್ಲಾಡಲಿಲ್ಲ. ಕೊಕ್ಕೆ ಹಿಡಿದ ಜನ ಕೆಳಗೆ ಮನುಷ್ಯನಿರುವುದನ್ನು ಕಂಡು ಎಳೆಯಲಾರದೆ ನಿಂತರು. ಗಾಳಿ ಕಿಡಿಗಳನ್ನು ಬೀದಿಯ ತುಂಬ ಚೆಲ್ಲುತ್ತಿತ್ತು.

ಖತೀಜಾ ಮನೆಯೊಳಗಿಂದ ಮಚ್ಚು ಹಿಡಿದು ಬಂದಳು. ತಲೆಯ ಬಟ್ಟೆ ಎಲ್ಲಿ ಹೋಗಿತ್ತೋ. ಉಟ್ಟ ಲುಂಗಿಯನ್ನು ಗಂಡಸಿನ ಹಾಗೆ ಮೇಲೆ ಕಟ್ಟಿದ್ದಳು. ನೇರವಾಗಿ ಹುಸೇನ್ ಸಾಬರ ಮುಂದೆ ನಿಂತು ಉರ್ದುವಿನಲ್ಲಿ, "ಒಳಗೆ ನನ್ನ ಮಗಳಿದ್ದಾಳೆ, ಸರಿಯಿರಿ ಭಾಯಿ ಸಾಹೇಬ್," ಎಂದಳು. ಅವರೊಂದಿಗೆ ಆಕೆ ನೇರವಾಗಿ ಆಡಿದ ಮೊದಲ ಮಾತು ಅದು. ಅವರು ಸರಿಯಲಿಲ್ಲ. ಆಕೆ ಹೆಗಲು ಕೊಟ್ಟು ಅವರನ್ನು ನೂಕಿಬಿಟ್ಟಳು! ಅವರು ಬೀದಿಯ ಧೂಳಿನಲ್ಲಿ ಕೂತುಬಿಟ್ಟರು, ಟೋಪಿ ಉರುಳಿ ಹೋಯಿತು. ತಮ್ಮನ ಹೆಂಡತಿ ಭಾವನ ಮೈಮುಟ್ಟಿ ನೂಕುವುದು! ಸುತ್ತ ಉರಿಯುತ್ತಿದ್ದ ಊರಿಗಿಂತ ಅದರಿಂದಲೇ ನನಗೆ ಹೆಚ್ಚು ದಿಗಿಲಾಯಿತು ಎಂದರೆ ನೀವು ನಂಬಬೇಕು.

ಆಕೆ ಜಗಲಿಯ ಕಟಾಂಜನದ ಮೇಲೆ ಕಾಲಿಟ್ಟು ಏರಿ, ಗಂಟಿನ ಮೇಲಕ್ಕೆ ಮಚ್ಚು ಬೀಸಿದಳು. ಒಂದು ಏಟಿಗೆ ಹಗ್ಗ ಹರಿಯಲಿಲ್ಲ. ಅಷ್ಟರಲ್ಲಿ ಗರಿಯ ತುದಿಗೆ ಕಿಡಿ ಬಿತ್ತು. ಆಕೆಯ ತಲೆಯ ಮೇಲೇ ಉರಿ ಎದ್ದಿತು. ಆಕೆ ಇಳಿಯಲಿಲ್ಲ, ಮತ್ತೆ ಬೀಸಿದಳು. ಹಗ್ಗ ಹರಿಯಿತು. ನಾನು ಕಟ್ಟಿದ ಇಡೀ ಚಪ್ಪರ, ಮುಖಂಡ ಕೇಳಿದ್ದ ಹಾಗೆಯೇ, ಮನೆಗೆ ಬೆನ್ನು ಹಾಕಿ ಬೀದಿಗೆ ಮಗುಚಿತು. ಬಿದ್ದ ಕೂಡಲೇ ಧಗ್ಗನೆ ಹತ್ತಿಕೊಂಡು, ಆಳೆತ್ತರ ಉರಿದು, ನಾವು ನೋಡುತ್ತಿದ್ದಂತೆ ಬೂದಿಯಾಯಿತು.

ಅದು ಇನ್ನೂ ನಿಂತಿದ್ದರೆ? ನಾನು ಅದನ್ನು ನೆನೆಯುವುದಿಲ್ಲ. ಜಗಲಿಗೆ ಒದ್ದೆ ಗೋಣಿ ಹಾಸಿದೆವು, ಗೋಡೆಗೆ ನೀರು ಎರಚಿದೆವು, ಬಂದ ಕಿಡಿಯನ್ನೆಲ್ಲ ತಟ್ಟಿಯಲ್ಲಿ ಬಡಿದೆವು. ಸೂರು ಕಿತ್ತ ಸಾಲಿಗೆ ಬಂದು ಬೆಂಕಿ ನಿಂತಿತು. ಹತ್ತುವುದಕ್ಕೆ ಅದಕ್ಕೆ ಮುಂದೆ ಏನೂ ಸಿಗಲಿಲ್ಲ.

ಮದುವೆಯ ದಿನ

ಬೆಳಗ್ಗೆ ಹೊನ್ನಾಳಿಯವರು ಬಂದರು. ಮದುಮಗ, ಅವನ ಜೊತೆ ರಂಗೂನಿನ ಕೆಲವರು, ಮತ್ತು ಯಜಮಾನಿಕೆಗೆಂದು ಊರಿಂದ ಬಂದಿದ್ದ ಸೋದರಮಾವ ಖಾಸಿಂ ಸಾಬರು. ಖಾಸಿಂ ಸಾಬರನ್ನು ನಾನು ಬಲ್ಲೆ. ಹೊನ್ನಾಳಿಯ ಅವರ ಮನೆಗೆ ಮಾಡು ಹಾಕಿಕೊಟ್ಟವನು ನಾನೇ. ಅವರು ಸ್ಟೇಷನ್ನಿನಿಂದ ಬರುವ ದಾರಿಯಲ್ಲೇ ಎಲ್ಲ ಕೇಳಿಕೊಂಡಿದ್ದರು. ಬೀದಿಯಲ್ಲಿ ನಮ್ಮ ಚಪ್ಪರದ ಕರಿಯ ಗುರುತಿತ್ತು. ಅದನ್ನು ಸುತ್ತಿ ದಾಟಿ, ಜಗಲಿ ಹತ್ತದೆ, ಕೆಳಗೇ ನಿಂತರು. ಹುಡುಗನನ್ನೂ ತೋಳು ಹಿಡಿದು ನಿಲ್ಲಿಸಿದರು.

"ಏನ್ರೀ ರುದ್ರಪ್ಪಾ, ಚಪ್ಪರ ಬಿತ್ತಂತಲ್ಲ."

ಕದದ ಹಿಂದೆ ಮದುಮಗಳ ಬಳೆಯ ಸದ್ದು ನಿಂತುಹೋಯಿತು. ದಸ್ತಗೀರ್ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದ. ಆ ಮನೆಯಲ್ಲಿ ಎಲ್ಲರೂ ನೋಡುತ್ತಿದ್ದುದು ಹುಸೇನ್ ಸಾಬರನ್ನು. ನಿನ್ನೆಯಿಂದ ಅವರು ಯಾರ ಹತ್ತಿರವೂ ಒಂದು ಮಾತಾಡಿರಲಿಲ್ಲ. ತರಚಿದ ಮೊಣಕೈಗೆ ಬಟ್ಟೆ ಕಟ್ಟಿಕೊಂಡು ಜಗಲಿಯ ಮೂಲೆಯಲ್ಲಿ ಕೂತೇ ಇದ್ದರು. ತಮ್ಮನ್ನು ಬೀದಿಯಲ್ಲಿ, ಪರದೇಶದ ಜನರೆದುರು ಧೂಳಿಗೆ ನೂಕಿದ ಹೆಂಗಸನ್ನು ಅವರು ಕ್ಷಮಿಸುವುದಿಲ್ಲ ಎಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ.

"ಬಿದ್ದ ಚಪ್ಪರದ ಮನೆ," ಎಂದರು ಖಾಸಿಂ ಸಾಬರು, ಈ ಸಲ ಅವರ ಕಡೆಗೇ ತಿರುಗಿ. "ಊರಾಗೆ ಕೇಳಿದ್ರೆ ಏನಂತ ಹೇಳಾನ ಭಾಯ್? ನೀವೇ ಹೇಳ್ರಿ."

ಖತೀಜಾ ಬಾಗಿಲ ಬಳಿ ಬಂದು ನಿಂತಿದ್ದಳು. ಕನ್ನಡದ ಮಾತು ತಿಳಿಯದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಹೊದ್ದ ಬಟ್ಟೆಯ ಕೆಳಗೆ ಒಂದು ಕಡೆಯ ಕೂದಲು ಕಿವಿಯ ತನಕ ಸುಟ್ಟುಹೋಗಿದ್ದುದು ಕಾಣುತ್ತಿತ್ತು. ಎರಡೂ ಅಂಗೈಗೆ ಎಲೆ ಕಟ್ಟಿಕೊಂಡಿದ್ದಳು. ಹುಸೇನ್ ಸಾಬರು ಅದನ್ನು ನೋಡಿದರು. ಆಮೇಲೆ ಎದ್ದು ನಿಂತರು.

"ಬಿದ್ದೈತೆ ಅಂತ ಯಾರಂದ್ರೀ?" ಎಂದರು. "ಚಪ್ಪರ ಬಿದ್ದಿಲ್ಲ. ನಮ್ಮ ಮನೆ ಸೊಸೆ ಇಳಿಸ್ಯಾಳೆ. ಹಾಕೋದೂ ಇಳಿಸೋದೂ ಮನೆಯೋರಿಗೆ ಬಿಟ್ಟಿದ್ದು."

ಖಾಸಿಂ ಸಾಬರು ಚಪ್ಪಲಿ ಬಿಟ್ಟು, ಹುಡುಗನ ಕೈ ಹಿಡಿದು ಜಗಲಿ ಹತ್ತಿದರು.

ಹೆಂಡತಿಗೆ ತಿಳಿಸಿ ಹೇಳಬೇಕಾಗಿದ್ದ ದಸ್ತಗೀರ್ ಬಾಯಿ ತೆರೆದ, ಆಗಲಿಲ್ಲ, ಮುಖ ತಿರುಗಿಸಿಕೊಂಡ. ಕದದ ಹಿಂದಿನಿಂದ ಜೈನಬಿ ದೊಡ್ಡಪ್ಪ ಆಡಿದ್ದನ್ನು ಬರ್ಮೀ ಮಾತಿನಲ್ಲಿ ಎರಡೇ ನುಡಿಯಲ್ಲಿ ಹೇಳಿದಳು. ಉರಿಯ ಕೆಳಗೆ ನಿಂತು ಮಚ್ಚು ಬೀಸಿದ ಹೆಂಗಸು ಅದನ್ನು ಕೇಳಿ, ನಿಂತ ಕಡೆಯೇ ಹೊಸ್ತಿಲ ಮೇಲೆ ಕುಸಿದು ಕೂತು, ಸುಟ್ಟ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು.